ಗರಡಿಮನೆ: ಒಬ್ಬ ಮಲ್ಲನ ಹಿಂದಿನ ಪರಿವಾರ

ಕುಸ್ತಿಯು ಇಬ್ಬರ ನಡುವಣ ಸೆಣಸಾಟವೆಂಬುದು ಲೋಕರೂಢಿಯ ಮಾತು. ಜಾತ್ರೆಯ ಕಣದ ಅಂಚಿನಲ್ಲಿ ನಿಂತವನ ಕಣ್ಣಿಗೆ ಬೀಳುವುದೂ ತೊಡೆ ತಟ್ಟಿ ಮುಂದೆ ಬರುವ ಎರಡು ದೇಹಗಳು, ಹಲಗೆಯ ನಾದ, ಕೊನೆಗೊಮ್ಮೆ ಒಬ್ಬನ ಬೆನ್ನು ಮಣ್ಣಿಗೆ ತಾಗಿದಾಗ ಏಳುವ ಜಯಘೋಷ, ಇಷ್ಟೇ. ಆದರೆ ಹೊಸಪೇಟೆಯ ಹಳೆಯ ಕೇರಿಗಳಲ್ಲಾಗಲಿ, ಕಾಲುವೆಯ ನೀರಿನಿಂದ ಭತ್ತ, ಕಬ್ಬುಗಳನ್ನು ಬೆಳೆಯುವ ಕಂಪ್ಲಿಯ ಸೀಮೆಯಲ್ಲಾಗಲಿ, ಸಂಡೂರಿನ ಕೆಂಪು ಗುಡ್ಡಗಳ ತಪ್ಪಲಿನಲ್ಲಾಗಲಿ, ಗರಡಿಮನೆಯ ಸಹವಾಸದಲ್ಲಿ ಬೆಳೆದವನು ಆ ಕಣವನ್ನು ಬೇರೆ ಬಗೆಯಾಗಿ ನೋಡುತ್ತಾನೆ: ಕಣಕ್ಕಿಳಿದ ಒಬ್ಬ ಪೈಲ್ವಾನನ ಮೈಯಲ್ಲಿ ಹತ್ತಾರು ಜನರ ದುಡಿಮೆ ಅಡಗಿದೆಯೆಂಬುದನ್ನು ಅವನು ಬಲ್ಲ. ಗರಡಿಯನ್ನು ಪರಿಚಯಿಸ ಹೊರಟವನು ಆ ಹತ್ತಾರು ಜನರನ್ನೇ ಮೊದಲು ಪರಿಚಯಿಸಬೇಕೆಂದು ನನ್ನ ಭಾವನೆ.

ಎಲ್ಲಕ್ಕೂ ಮುಂಚೆ ಬರುವುದು ಮಣ್ಣು. ಕಲ್ಲುಹರಳುಗಳಿಲ್ಲದ ಕೆಮ್ಮಣ್ಣನ್ನು ಆಯ್ದು ತಂದು, ಜರಡಿ ಹಿಡಿದು, ಅದಕ್ಕೆ ಎಣ್ಣೆ, ಮಜ್ಜಿಗೆ, ನಿಂಬೆಯ ರಸ, ಅರಿಸಿನ, ಕರ್ಪೂರಗಳನ್ನು ಬೆರೆಸಿ, ಬಿದ್ದವನ ಎಲುಬು ನೋಯದಂತೆಯೂ ತರಚಿದ ಗಾಯ ಕೀವುಗೂಡದಂತೆಯೂ ಬೆವೆತ ಮೈ ಹಿಡಿತದಿಂದ ಜಾರದಂತೆಯೂ ಅದನ್ನು ಹದಗೊಳಿಸುತ್ತಾರೆ. ಹಾಗೆಯೇ ಬಿಟ್ಟರೆ ಗಟ್ಟಿಯಾಗುವ ಈ ಮಣ್ಣನ್ನು ಮತ್ತೆ ಮತ್ತೆ ಗುದ್ದಲಿಯಿಂದ ಅಗೆದು ಮಗುಚುವ ಕೆಲಸ ಹೊಸದಾಗಿ ಸೇರಿದ ಹುಡುಗರ ಪಾಲಿನದು. ಭುಜಕ್ಕೂ ಸೊಂಟಕ್ಕೂ ಅದೇ ಪ್ರಥಮ ವ್ಯಾಯಾಮ. ಪಟ್ಟುಗಳ ಪಾಠವೆಲ್ಲ ಆಮೇಲೆ. ಗೋಡೆಯ ಗೂಡಿನಲ್ಲಿ ಆಂಜನೇಯನ ಮೂರ್ತಿಯೋ ಪಟವೋ ಇರುತ್ತದೆ. ಅವನಿಗೆ ಕೈಮುಗಿದು, ಚಿಟಿಕೆ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳದೆ ಯಾರೂ ಒಳಗೆ ಕಾಲಿಡುವುದಿಲ್ಲ. ನದಿಯಾಚೆ ಆನೆಗೊಂದಿಯ ಬಳಿಯ ಅಂಜನಾದ್ರಿಯು ಹನುಮನ ಜನ್ಮಸ್ಥಾನವೆಂಬ ನಂಬುಗೆಯಿರುವ, ಈಚೆ ದಡದಲ್ಲಿ ವ್ಯಾಸರಾಯರು ಪ್ರತಿಷ್ಠಿಸಿದರೆಂಬ ಯಂತ್ರೋದ್ಧಾರಕ ಪ್ರಾಣದೇವರ ಸನ್ನಿಧಾನವಿರುವ ಈ ಸೀಮೆಯಲ್ಲಿ ಗರಡಿಯ ದೈವವನ್ನು ದೂರದಿಂದ ಕರೆತರಬೇಕಾಗಿರಲಿಲ್ಲ.

ಮಣ್ಣಿನ ತರುವಾಯ ಉಸ್ತಾದ. ಇವನು ತನ್ನ ಕಾಲದಲ್ಲಿ ಕಣ ಗೆದ್ದವನು, ಈಗ ವಯಸ್ಸಾಗಿ ಅಂಚಿನಲ್ಲಿ ಕುಳಿತವನು. ಯಾವ ಹುಡುಗನಿಗೆ ಎಷ್ಟು ದಂಡ, ಎಷ್ಟು ಬಸ್ಕಿ, ಯಾರು ಗದೆ ತಿರುಗಿಸಬೇಕು, ಯಾರು ಗುಂಡುಕಲ್ಲು ಎತ್ತಬೇಕು, ಯಾರು ಇನ್ನೂ ಕೆಲವು ತಿಂಗಳು ಮಲ್ಲಗಂಬಕ್ಕೆ ಸುತ್ತಿಕೊಂಡಿರಬೇಕು ಎಂಬುದನ್ನೆಲ್ಲ ನಿಶ್ಚಯಿಸುವವನು ಅವನೇ. ಅವನ ವಿದ್ಯೆಯ ಸಾರವಿರುವುದು ಜೋಡಿ ಕಟ್ಟುವುದರಲ್ಲಿ. ತನಗಿಂತ ಬಲಿಷ್ಠನೊಡನೆ ಹಿಡಿದಾಗ ತಾಳ್ಮೆಯನ್ನೂ, ದುರ್ಬಲನೊಡನೆ ಹಿಡಿದಾಗ ಸಂಯಮವನ್ನೂ, ಸಮಾನನೊಡನೆ ಹಿಡಿದಾಗ ಯುಕ್ತಿಯನ್ನೂ ಕಲಿಯಬೇಕಾದ ಹುಡುಗನಿಗೆ ಈ ಮೂವರೂ ದಿನವೂ ಬೇಕು; ತಮ್ಮ ಬೆನ್ನನ್ನು ನೂರು ಸಲ ಮಣ್ಣಿಗೆ ಒಪ್ಪಿಸಿ ಅವನನ್ನು ಗೆಲ್ಲಲು ಕಲಿಸುವ ಈ ಸಂಗಾತಿಗಳ ಹೆಸರು ಯಾವ ಕಣದಲ್ಲಿಯೂ ಕೇಳಿಬರುವುದಿಲ್ಲ. ಹಾಲು, ತುಪ್ಪ, ಬಾದಾಮಿ, ಗಸಗಸೆಗಳ ಖರ್ಚು ಬಡವನ ಮನೆಗೆ ಎಟುಕದೆ ಹೋದಾಗ ಎಮ್ಮೆಯುಳ್ಳವರು ಹಾಲನ್ನೂ ಅಂಗಡಿಯವರು ಬಾದಾಮಿಯನ್ನೂ ಒದಗಿಸಿದರೆ, ಗೆಲುವು ಅವರದೂ ಆಗುತ್ತದೆ.

ಈ ವ್ಯವಸ್ಥೆಯ ಹಿರಿಮೆಯನ್ನು ಅರಿಯಲು ಹಂಪಿಗೆ ಹೋಗಬೇಕು. ಮಹಾನವಮಿ ದಿಬ್ಬದ ಪಾರ್ಶ್ವಗಳಲ್ಲಿ ಆನೆ ಕುದುರೆಗಳ, ಬೇಟೆಗಾರರ, ನರ್ತಕಿಯರ ಸಾಲುಗಳ ನಡುವೆ ಮಲ್ಲರನ್ನೂ ಶಿಲ್ಪಿ ಕಡೆದಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್ ಬರೆದಿಟ್ಟಂತೆ, ಅರಸನು ಬೆಳಕು ಹರಿಯುವುದಕ್ಕೆ ಮುನ್ನ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಪೂಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ ಕತ್ತಿವರಸೆ ಮಾಡಿ, ಬಳಿಕ ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿ ಹಿಡಿದು, ಕಡೆಗೆ ಕುದುರೆಯೇರಿ ಬಯಲಿನಲ್ಲಿ ಸುತ್ತುತ್ತಿದ್ದನು. ಸಾಮ್ರಾಜ್ಯದ ಒಡೆಯನೂ ಬೆಳಗಿನ ಸಾಮಿಗೆ ಮತ್ತೊಬ್ಬನ ಮೈಯನ್ನು ಆಶ್ರಯಿಸಬೇಕಾಗಿತ್ತೆಂಬುದು ಈ ವರ್ಣನೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಂಶ. ಪೇಸ್‌ನ ತರುವಾಯ ಬರೆದ ನೂನಿಜ್, ಮೊನೆಯುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೋರಾಡುವ ಮಲ್ಲರನ್ನು ಕುರಿತು ಹೇಳುತ್ತ, ಹೆಚ್ಚು ಗಾಯಗೊಂಡವನೇ ಹೋಗಿ ರೇಷ್ಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಿದ್ದನೆಂದೂ, ಆ ಮಲ್ಲರಿಗೆಲ್ಲ ಒಬ್ಬ ನಾಯಕನಿದ್ದನೆಂದೂ, ರಾಜ್ಯದ ಬೇರಾವ ಸೇವೆಯೂ ಅವರಿಗಿರಲಿಲ್ಲವೆಂದೂ ತಿಳಿಸುತ್ತಾನೆ. ಅರಮನೆಯಲ್ಲಿ ಕುಸ್ತಿಯಾಡುವ ಸ್ತ್ರೀಯರಿದ್ದುದನ್ನೂ ಅವನು ಹೇಳದೆ ಬಿಟ್ಟಿಲ್ಲ. ವಿಜಯನಗರದ ಪತನಾನಂತರ ಮೈಸೂರಿನ ಅರಸರಾದ ರಾಜ ಒಡೆಯರು 1610ರಲ್ಲಿ ಮಹಾನವಮಿಯ ಸಂಪ್ರದಾಯವನ್ನು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೈಸೂರಿನ ಅರಮನೆಯಂಗಳದಲ್ಲಿ ಇಂದಿಗೂ ವಿಜಯದಶಮಿಯಂದು ನಡೆಯುವ, ಮೊನೆಯುಳ್ಳ ಆಯುಧವನ್ನು ಕೈಗೆ ತೊಟ್ಟು ಸೆಣಸುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಕಂಡವರಿಗೆ ನೂನಿಜ್‌ನ ಮಾತು ಅಪರಿಚಿತವೆನಿಸದು.

ಇನ್ನೂ ಹಿಂದೆ ಹೋದರೆ ಕಂಪ್ಲಿ ಇದೆ. 1327ರ ಸುಮಾರಿಗೆ ದಿಲ್ಲಿಯ ಸೈನ್ಯಕ್ಕೆ ಎದುರಾಗಿ ಅಳಿದ ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ನಂಜುಂಡ ಕವಿಯೇ ಮೊದಲಾದವರು ಸಾಂಗತ್ಯದಲ್ಲಿ ಹೇಳಿದ್ದಾರೆ, ಜನಪದರು ಹಾಡಿದ್ದಾರೆ. ಆ ಕಥೆಯ ದುರಂತಕ್ಕೆ ಮೊದಲಾಗುವುದು ಒಂದು ಚೆಂಡಾಟದಿಂದ. ರಾಮನು ಗೆಳೆಯರ ಪಡೆಯೊಡನೆ ಆಡುತ್ತಿರುವಾಗ ಚೆಂಡು ಚಿಮ್ಮಿ ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ಅದನ್ನು ತರಲು ಹೋದವನಲ್ಲಿ ಅವಳು ಮೋಹಗೊಳ್ಳುತ್ತಾಳೆ. ಕೇಳುಗರು ರತ್ನಾಜಿಯ ಪ್ರಸಂಗದಲ್ಲಿ ಮೈಮರೆತು ಚೆಂಡನ್ನು ಮರೆತುಬಿಡುತ್ತಾರೆ. ಆದರೆ ಕಾಟಣ್ಣನೇ ಮೊದಲಾದ ಆ ಸಂಗಾತಿಗಳು ಬಯಲಿನಲ್ಲಿ ಜತೆಗೂಡಿ ಆಡಿದವರು, ರಣದಲ್ಲಿಯೂ ಅವನ ಜತೆ ಬಿಡಲಿಲ್ಲ. ಆಟದ ಒಡನಾಟವೇ ಯುದ್ಧದ ಒಡನಾಟವಾಗುವ ಈ ಪರಿಯನ್ನು ಕವಿಗಳು ವಿವರಿಸದಿದ್ದರೂ ಕಥೆಯ ಗತಿಯೇ ಅದನ್ನು ತೋರಿಸುತ್ತದೆ.

ಇದಕ್ಕೆ ವಿಪರ್ಯಯವಾಗಿ, ಯುದ್ಧದಿಂದ ಮರಳಿದವರು ಆಟದ ಬಯಲಿಗೆ ಬಂದ ಸಂದರ್ಭವೊಂದು ಅಮೆರಿಕದಲ್ಲುಂಟು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, 1944ರ ಶಾಸನವೊಂದರ ನೆರವಿನಿಂದ ಸಹಸ್ರಾರು ಯೋಧರು ಅಲ್ಲಿನ ಕಾಲೇಜುಗಳನ್ನು ಸೇರಿದರು; ಪಕ್ಷಕ್ಕೆ ಹನ್ನೊಂದು ಜನರಂತೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದೋಡುವ, ಓಡುವವನನ್ನು ಮೈಯೊಡ್ಡಿ ಕೆಡಹುವ ಅವರ ಫುಟ್‌ಬಾಲ್ ಆಗ ಹೊಸ ಕಳೆಯನ್ನು ಪಡೆಯಿತು. 1946ರ ನವೆಂಬರ್ 9ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ, 70,000ಕ್ಕೂ ಮಿಕ್ಕ ಜನರೆದುರು, ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದ ತಂಡವೂ ನೋಟರ್ ಡೇಮ್ ವಿಶ್ವವಿದ್ಯಾನಿಲಯದ ತಂಡವೂ ಸೆಣಸಿ ಒಂದಂಕವನ್ನೂ ಗಳಿಸದೆ ಸಮನಾಗಿ ಉಳಿದುವು. ಅಂದು ಬಯಲನ್ನು ಸೀಳಿ ಓಡುತ್ತಿದ್ದ ಸೈನಿಕ ತಂಡದ ಬ್ಲಾಂಚರ್ಡನನ್ನು, ನೌಕಾಸೇವೆಯಿಂದ ಮರಳಿದ್ದ ನೋಟರ್ ಡೇಮ್ ತಂಡದ ಲುಜ್ಯಾಕ್ ಒಬ್ಬನೇ ಕಾಲಿಗೆ ಬಿದ್ದು ಹಿಡಿದು ಕೆಡವಿದ್ದು ಆ ಪಂದ್ಯದ ಚಿರಸ್ಮರಣೀಯ ಘಟನೆ. ನಮ್ಮ ಗರಡಿಯ ಉಸ್ತಾದನು ಅದನ್ನು ಕಂಡಿದ್ದರೆ ಕಾಲುಹಿಡಿತವೆಂದು ಒಡನೆಯೇ ಗುರುತಿಸುತ್ತಿದ್ದನು. ಅಲ್ಲಿ ತಂಡವು ಬಯಲಿನಲ್ಲಿ ಕಾಣುತ್ತದೆ. ಇಲ್ಲಿ ಅದು ಗರಡಿಯೊಳಗೇ ಉಳಿದು ತನ್ನಲ್ಲೊಬ್ಬನನ್ನು ಹೊರಗೆ ಕಳಿಸುತ್ತದೆ.

ಗರಡಿಗೂ ಋತುವುಂಟು. ಮಳೆಗಾಲವು ಸಾಧನೆಯ ಕಾಲ. ಸುಗ್ಗಿ ಮುಗಿದು, ಕೈಯಲ್ಲಿ ನಾಲ್ಕು ಕಾಸು ಆಡಿ, ಊರೂರ ತೇರುಗಳು ಹೊರಡುವಾಗ ಕಣಗಳು ಏಳುತ್ತವೆ. ಕಾಲ ಕಳೆದಂತೆ ಗರಡಿಯ ಆಶ್ರಯವೂ ಬದಲಾಯಿತು: ಸಂಡೂರು ಸಂಸ್ಥಾನವು 1949ರಲ್ಲಿ ವಿಲೀನಗೊಂಡಿತು, ಬಳ್ಳಾರಿಯ ಸೀಮೆಯು 1953ರಲ್ಲಿ ಮೈಸೂರಿಗೆ ಸೇರಿತು. ನಾಡಿನಾದ್ಯಂತ ಅರಸರ ಆಶ್ರಯ ಕಳೆದ ಮೇಲೆ ಗರಡಿಗಳಿಗೆ ಊರಿನ ವಂತಿಗೆಯೇ ಆಧಾರವಾಯಿತು. ಈಗ ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ 2018ರಿಂದ ನಡೆಯುತ್ತಿರುವ ಇನ್‌ಸ್ಪೈರ್ ಕ್ರೀಡಾಸಂಸ್ಥೆಯಲ್ಲಿ ಮ್ಯಾಟಿನ ಮೇಲೆ ಕುಸ್ತಿ ಕಲಿಸುತ್ತಾರೆ. ಮೂರು ಮೂರು ನಿಮಿಷಗಳ ಎರಡು ಅವಧಿ, ಅಂಕಗಳ ಲೆಕ್ಕ, ತಜ್ಞ ವೈದ್ಯರ ನಿಗಾ. ಒಲಿಂಪಿಕ್ಸಿನ ದಾರಿ ಅದೇ ಆದ್ದರಿಂದ ಅದನ್ನು ಆದರದಿಂದ ಕಾಣಬೇಕು. ಆದರೂ, ಬೆನ್ನು ನೆಲಕ್ಕೆ ತಾಗುವವರೆಗೆ ಗಡಿಯಾರವನ್ನು ಲೆಕ್ಕಿಸದ ಮಣ್ಣಿನ ಕುಸ್ತಿಯನ್ನು ಅದರ ಜತೆಯಲ್ಲಿಯೇ ಉಳಿಸಿಕೊಳ್ಳಬೇಕೆಂಬುದು ನನ್ನ ಹಂಬಲ. ಹಂಪಿ ಉತ್ಸವದಲ್ಲಿ ಕುಸ್ತಿಗೂ ಗುಂಡು ಎತ್ತುವ ಸ್ಪರ್ಧೆಗೂ ಎಡೆಯಿದೆ, ಹೆಣ್ಣುಮಕ್ಕಳ ಕುಸ್ತಿಯೂ ಸೇರಿಕೊಂಡಿದೆ. ಪೈಲ್ವಾನರನ್ನು ಕಣಕ್ಕೆ ಕರೆಯುವಾಗ ಹೆಸರಿನ ಜತೆಗೆ ಊರನ್ನೂ ಉಸ್ತಾದನನ್ನೂ ಕೂಗಿ ಹೇಳುವುದು ಕುಸ್ತಿಯ ಕಣಗಳಲ್ಲಿ ಈಗಲೂ ರೂಢಿಯಲ್ಲಿದೆ.