ಒಂದು ಹಾಡಿನ ಗೆಲುವು

ಚಲನಚಿತ್ರದ ಹಾಡಿಗೆ ನಯವಾದ ಕಂಠವೇ ಬೇಕೆಂಬುದು ಸಾಮಾನ್ಯ ನಂಬಿಕೆ. ಅದನ್ನು ಅಲ್ಲಗಳೆದವರು ನಮ್ಮ ಜಿಲ್ಲೆಯವರೇ ಆದ ಶಿವಮೊಗ್ಗ ಸುಬ್ಬಣ್ಣನವರು (1938–2022). ಹೊಸನಗರ ತಾಲ್ಲೂಕಿನ ನಗರದಲ್ಲಿ ಜನಿಸಿದ ಅವರು ವೃತ್ತಿಯಿಂದ ವಕೀಲರು. ಚಂದ್ರಶೇಖರ ಕಂಬಾರರು ತಮ್ಮ 'ಕಾಡು ಕುದುರೆ' ಚಿತ್ರಕ್ಕಾಗಿ ತಾವೇ ಬರೆದು ಸಂಗೀತ ನೀಡಿದ ಗೀತೆಯನ್ನು ಅವರಿಂದ ಹಾಡಿಸಿದರು. ಜಾನಪದ ಧಾಟಿಯ ಆ ಹಾಡು ಕುದುರೆಯಂತೆಯೇ ಓಡುತ್ತದೆ. ಅದಕ್ಕೆ ಬೇಕಾದುದು ಅಳುಕಿಲ್ಲದ ತುಂಬು ಕಂಠ. 1978ರ ಚಿತ್ರಗಳಿಗೆ ನೀಡಿದ 26ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಸುಬ್ಬಣ್ಣನವರು ಶ್ರೇಷ್ಠ ಹಿನ್ನೆಲೆ ಗಾಯಕರೆನಿಸಿದರು. ಈ ಗೌರವ ಪಡೆದ ಮೊದಲ ಕನ್ನಡಿಗರು ಅವರೇ.

ಚಂದ್ರಗುತ್ತಿಯಂಥ ಊರುಗಳಿಂದ ಬಂದು, ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಾವು ಊರಿನ ಧಾಟಿಯನ್ನು ಮರೆಮಾಚಲು ಹವಣಿಸುತ್ತೇವೆ. ಆ ಧಾಟಿಗೇ ರಾಷ್ಟ್ರವು ತಲೆದೂಗಿತೆಂಬುದು ನಮಗೆ ನೆನಪಿರಲಿ.