ಸೊಸೆಗೆ ಮಾತ್ರ ಕಲಿಸಿದ ವಿದ್ಯೆ

ನವಲಗುಂದದಲ್ಲಿ ಜಮಖಾನೆ ನೇಯುವ ಮನೆತನಗಳೊಳಗೆ ಒಂದು ವಿಲಕ್ಷಣವಾದ ಕಟ್ಟಳೆ ತಲೆಮಾರುಗಳಿಂದ ನಡೆದುಬಂದಿದ್ದಿತು. ನೇಯ್ಗೆಯ ವಿದ್ಯೆಯನ್ನು ಹೆತ್ತ ಮಗಳಿಗೆ ಕಲಿಸಕೂಡದು. ಮನೆ ತುಂಬಿಬಂದ ಸೊಸೆಗೆ ಮಾತ್ರ ಕಲಿಸತಕ್ಕದ್ದು. ಮಗಳಾದವಳು ಇಂದಲ್ಲ ನಾಳೆ ಪರರ ಮನೆಯನ್ನು, ದೈವಗತಿಯಿಂದ ಪರಸ್ಥಳವನ್ನೇ, ಸೇರತಕ್ಕವಳಾದುದರಿಂದ, ಅವಳ ಬೆನ್ನುಹತ್ತಿ ಎಳೆಗಳ ಲೆಕ್ಕವೂ ಬಣ್ಣಗಳ ಮರ್ಮವೂ ಊರ ಅಗಸೆಯನ್ನು ದಾಟಿಹೋದಾವೆಂಬ ಭಯವೇ ಈ ನಿಷೇಧಕ್ಕೆ ಮೂಲವಾಗಿದ್ದಿತೆಂದು ಹೇಳುತ್ತಾರೆ. ತಾಯಿಯು ಮಗ್ಗದ ಮುಂದೆ ಕುಳಿತಿರುವಲ್ಲಿ ಅವಳ ಮಗ್ಗುಲಲ್ಲಿಯೇ ಆಡಿಕೊಂಡಿರುವ ಮಗಳ ಕಣ್ಣಿಗೆ ಬೀಳದಂತೆ ನವಿಲೊಂದನ್ನು ಮೂಡಿಸುವ ಉಪಾಯವನ್ನು ಆ ತಾಯಂದಿರು ಹೇಗೆ ಕಂಡುಕೊಂಡಿದ್ದರೋ ದೇವರೇ ಬಲ್ಲ. ಆದರೂ ಕಟ್ಟಳೆ ಕಟ್ಟಳೆಯೇ.

ಮಲಗುವ ಕೋಣೆಯನ್ನು ಅಲ್ಪವ್ಯಯದಲ್ಲಿ ಸಿಂಗರಿಸುವ ಬಗೆಯನ್ನು ಕುರಿತು ಬರೆಯಹೊರಟು ಅತ್ತೆ-ಸೊಸೆಯರ ಮಾತನ್ನು ಏಕೆ ತೆಗೆಯಬೇಕೆಂದು ವಾಚಕರು ಕೇಳಬಹುದು. ಇಂದು ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತುಮುತ್ತಲಿನ ಅಂಗಡಿಗಳಲ್ಲಿಯಾಗಲಿ ಧಾರವಾಡದ ಸುಭಾಸ ರಸ್ತೆಯಲ್ಲಿಯಾಗಲಿ ನಿಂತು ನೋಡಿದರೆ, ಜಿಪ್ಪು ಹಚ್ಚಿದ ಪಾರದರ್ಶಕ ಚೀಲದೊಳಗೆ ಒಂದು ಬೆಡ್‌ಶೀಟು, ಎರಡು ದಿಂಬಿನ ಚೀಲ, ಅದೇ ಹೂವಿನ ಅದೇ ಬಣ್ಣದವು, ‘ಸೆಟ್’ ಎಂಬ ಹೆಸರಿನಿಂದ ಸಾಲುಸಾಲಾಗಿ ತೂಗುಬಿದ್ದಿರುತ್ತವೆ. ಹಾಸಿಗೆಗೂ ದಿಂಬಿಗೂ ಪಡದೆಗೂ ವರ್ಣಸಾಮ್ಯವಿರಬೇಕೆಂಬ ತತ್ತ್ವವನ್ನು ತಾನೇ ಮೊದಲು ಶೋಧಿಸಿದೆನೆಂಬ ಠೀವಿಯಿಂದ ವ್ಯಾಪಾರಿಯು ಅದನ್ನು ಬಿಚ್ಚಿ ತೋರಿಸುತ್ತಾನೆ. ಈ ಸೀಮೆಯ ಬಡವರ ಮನೆಯಲ್ಲಿಯೂ ಸಾಮ್ಯವೊಂದಿದ್ದಿತೆಂಬುದನ್ನೂ, ಅದನ್ನು ಮಾಡಿದವರು ಯಾರೆಂಬುದನ್ನೂ ನೆನೆಯಹೋದಾಗ ನನಗೆ ಮೊದಲು ಎದುರಾದವರು ಆ ಸೊಸೆಯಂದಿರೇ.

ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳನ್ನು ಎಣಿಸುವಾಗ ಶಯ್ಯೆಗೂ ಪ್ರತ್ಯೇಕವಾದ ಸ್ಥಾನವನ್ನು ಕೊಟ್ಟಿರುವನು. ಆದರೆ ಅರಸರ ಪರ್ಯಂಕದಿಂದ ನಮಗೆ ಆಗತಕ್ಕ ಪ್ರಯೋಜನವು ಸ್ವಲ್ಪವೇ. ನಮ್ಮ ಹಳೆಯ ಮನೆಗಳಲ್ಲಿ ಮಲಗುವ ಕೋಣೆಯೆಂಬುದೇ ಇರಲಿಲ್ಲ. ಹಗಲೆಲ್ಲ ಬಂದುಹೋಗುವವರಿಗೆ ಆಸ್ಥಾನವಾಗಿದ್ದ ಪಡಸಾಲೆಯೇ ರಾತ್ರಿ ಶಯ್ಯಾಗೃಹವಾಗುತ್ತಿದ್ದಿತು. ಬಾಣಂತಿಗೂ ಮುದುಕರಿಗೂ ಹೊರಸೋ ಮಂಚವೋ ಇದ್ದರೆ ಇದ್ದಿತು, ಉಳಿದವರು ನೆಲದ ಮೇಲೆ ಜಮಖಾನೆ, ಅದರ ಮೇಲೆ ಗಾದಿ, ಮೈಮೇಲೆ ಕೌದಿ, ಇಷ್ಟರಿಂದ ತೃಪ್ತರಾಗಿ ಬೆಳಗಾಗುತ್ತಲೆ ಎಲ್ಲವನ್ನೂ ಸುತ್ತಿ ಮೂಲೆಗೆ ಒಟ್ಟುತ್ತಿದ್ದರು. ಆ ಒಟ್ಟಿನ ಮೇಲೆ ಮನೆಯೊಳಗಿನ ಒಳ್ಳೆಯ ಕೌದಿಯೊಂದನ್ನು ಹೊದಿಸುತ್ತಿದ್ದುದುಂಟು. ನಮ್ಮಲ್ಲಿ ಮೇಲ್ಹಾಸಿನ ಜನ್ಮವೃತ್ತಾಂತವನ್ನು ಯಾರಾದರೂ ಬರೆಯುವುದಾದರೆ ಅಲ್ಲಿಂದಲೇ ಆರಂಭಿಸಬೇಕೆಂದು ನನ್ನ ಮತ.

ಜಮಖಾನೆಯು ವಿಜಯಪುರದಿಂದ ಬಂದಿತೆಂಬುದು ನೇಕಾರರ ಮನೆತನಗಳು ಹೇಳಿಕೊಂಡು ಬಂದ ಮಾತು. ಆದಿಲಶಾಹಿಯ ಕಾಲದಲ್ಲಿ ಯುದ್ಧಗಳ ಹಾವಳಿಗೆ ಬೇಸತ್ತು ಅಲ್ಲಿಂದ ಹೊರಟ ಜಮಖಾನೆಯ ಕಸಬಿನವರು ದಕ್ಷಿಣಾಭಿಮುಖರಾಗಿ ನಡೆದು, ಮಲಪ್ರಭೆಯನ್ನು ದಾಟಿ, ಎರೆಭೂಮಿಯ ನಡುವೆ ಹತ್ತಿಯು ಧಾರಾಳವಾಗಿ ದೊರೆಯುವ ಈ ಊರಿನಲ್ಲಿ ನೆಲಸಿದರಂತೆ. ನೇಯುವವರೆಲ್ಲ ಮುಸಲ್ಮಾನ ಹೆಂಗಸರು. ನೆಟ್ಟಗೆ ನಿಲ್ಲಿಸಿದ ಮರದ ಮಗ್ಗದಲ್ಲಿ ಮೇಲಿಂದ ಕೆಳಕ್ಕೆ ಹಾಸುನೂಲನ್ನು ಬಿಗಿದು, ಅದರ ಮುಂದೆ ಇಬ್ಬರು ಅಕ್ಕಪಕ್ಕದಲ್ಲಿ ಕುಳಿತು, ಲಾಳಿಯನ್ನು ಈ ತುದಿಯಿಂದ ಆ ತುದಿಗೆ ಎಸೆಯದೆ, ಬೇಕಾದ ಬಣ್ಣದ ನೂಲನ್ನು ಬೇಕಾದಷ್ಟೇ ಅಗಲಕ್ಕೆ ಬೆರಳಿನಿಂದ ತೂರಿಸಿ, ಮುಂದಿನ ಬಣ್ಣವು ಬರತಕ್ಕ ಎಡೆಯಲ್ಲಿ ಅದನ್ನು ಹಿಂದಕ್ಕೆ ಹೊರಳಿಸಿ, ‘ಪಂಜಾ’ ಎಂಬ ಹಲ್ಲಿನ ಸಲಕರಣೆಯಿಂದ ಬಡಿಬಡಿದು ಕೂರಿಸುತ್ತಾರೆ. ಹೊಕ್ಕು ಹಾಸನ್ನು ಸಂಪೂರ್ಣವಾಗಿ ಮುಚ್ಚಿಬಿಡುವುದರಿಂದ ಬಣ್ಣವು ಗಟ್ಟಿಯಾಗಿ ನಿಲ್ಲುವುದು. ಒಳಮೈ ಹೊರಮೈ ಎಂಬ ಭೇದವಿಲ್ಲದೆ ಎರಡು ಮಗ್ಗುಲೂ ಒಂದೇ ಆಗಿರುವುದು. ಒಂದು ಮಗ್ಗುಲು ಮಾಸಿದರೆ ಮಗುಚಿ ಹಾಸಬಹುದಾದ ವಸ್ತುವಿಗಿಂತ ಮಿತವ್ಯಯದ ವಸ್ತು ಬೇರೆ ಯಾವುದಿದ್ದೀತು? ನಕ್ಷೆಯ ಕಾಗದವು ಮಾತ್ರ ಮಗ್ಗದ ಬಳಿ ಕಾಣದು. ನವಿಲೂ ಹೂವೂ ಅಂಚಿನ ಸಾಲೂ ನೇಯುವವಳ ತಲೆಯಲ್ಲಿಯೇ ಇರತಕ್ಕವು, ಅತ್ತೆಯ ತಲೆಯಿಂದ ಸೊಸೆಯ ತಲೆಗೆ ಇಳಿದವು.

ಇವುಗಳಲ್ಲಿ ನನ್ನ ಪಕ್ಷಪಾತವು ಪಗಡೆಯ ಜಮಖಾನೆಯ ಕಡೆಗೆ. ಹಾಸಿನ ನಟ್ಟನಡುವೆ, ಕೆಂಪು ಕಪ್ಪು ಹಳದಿ ಹಸುರುಗಳ ಚೌಕಟ್ಟಿನೊಳಗೆ, ಪಗಡೆಯ ಹಾಸನ್ನೇ ನೇಯ್ದಿರುತ್ತಾರೆ: ನಾಲ್ಕು ದಿಕ್ಕಿಗೆ ಚಾಚಿದ ನಾಲ್ಕು ಕೈಗಳು, ಕೈಗೆ ಮೂರು ಸಾಲು, ಸಾಲಿಗೆ ಎಂಟು ಮನೆ, ಒಟ್ಟು 96 ಮನೆಗಳು. ಊಟವಾದ ಮೇಲೆ ಬೀಗರು ಅದರ ಸುತ್ತ ಕುಳಿತು ದಾಳ ಉರುಳಿಸಬಹುದು. ಆಟ ಸಾಕಾದರೆ ಕಾಯಿಗಳನ್ನು ಬಳಿದು ಬದಿಗಿಟ್ಟು ಅಲ್ಲಿಯೇ ಅಡ್ಡಾಗಬಹುದು. ಕೂಡುವುದಕ್ಕೂ ಆಡುವುದಕ್ಕೂ ಮಲಗುವುದಕ್ಕೂ ಒದಗಿ, ಅತಿಥಿಗಳು ಹೋದ ಬಳಿಕ ಸುರುಳಿಯಾಗಿ ಮೂಲೆ ಸೇರುವ ಈ ಒಂದು ಹಾಸು ಮಾಡಿದಷ್ಟು ಕೆಲಸವನ್ನು, ಕೋಣೆಯ ಅರ್ಧವನ್ನು ನುಂಗಿ ಕುಳಿತಿರುವ ಈಗಿನ ಜೋಡಿಮಂಚವು ಮಾಡಿದುದನ್ನು ನಾನು ಕಂಡಿಲ್ಲ.

ಈ ಜಮಖಾನೆಗೆ ಒದಗಿದ ಹತ್ತಿಯ ಕಥೆಯಲ್ಲಿ ಒಂದು ವಿಪರ್ಯಾಸವುಂಟು. ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವ ದಾರಿಯಲ್ಲಿ ಕುಸುಗಲ್ ಎಂಬ ಗ್ರಾಮವು ಸಿಕ್ಕುತ್ತದೆ. 1840ರ ದಶಕದಲ್ಲಿ ಸರಕಾರವು ಅಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನು ಬಿತ್ತಿ ನೋಡುವುದಕ್ಕಾಗಿ ಪ್ರಯೋಗಕ್ಷೇತ್ರವೊಂದನ್ನು ತೆರೆದು, ಮರ್ಸರ್ ಎಂಬ ಅಮೆರಿಕನ್ ಬೇಸಾಯಗಾರನನ್ನು ಅದಕ್ಕೆ ನೇಮಿಸಿತು. ಲ್ಯಾಂಕಷೈರಿನ ಯಂತ್ರಗಳಿಗೆ ನಮ್ಮ ನಾಡಹತ್ತಿಯ ಗಿಡ್ಡ ಎಳೆ ಹಿಡಿಸದು, ಉದ್ದ ಎಳೆಯೇ ಬೇಕು! ನಮ್ಮ ಎರೆಭೂಮಿಯಲ್ಲಿ ಆ ಪರದೇಶದ ಬೀಜವು ಹಿಡಿದುಕೊಂಡು ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದ ಪೇಟೆಯಲ್ಲಿ ಪ್ರಸಿದ್ಧವಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧವು ನಡೆದಾಗ ಅದರ ಬೆಲೆ ಗಗನಕ್ಕೇರಿ, ಯುದ್ಧವು ನಿಂತಾಗ ಮತ್ತೆ ಇಳಿಯಿತು. 1884ರಲ್ಲಿ ಪ್ರಕಟವಾದ ಧಾರವಾಡ ಜಿಲ್ಲೆಯ ಗ್ಯಾಝೆಟಿಯರು ಈ ಹತ್ತಿಯ ವೃತ್ತಾಂತಕ್ಕೆ ಕೊಟ್ಟಿರುವ ಪುಟಗಳನ್ನು ನೋಡಿದರೆ, ಅದೇ ದಾರಿಯ ಕೊನೆಗೆ ಮಗ್ಗದ ಮುಂದೆ ಕುಳಿತಿದ್ದ ಹೆಂಗಸರಿಗೆ ದೊರೆತ ಸ್ಥಳವು ಅತ್ಯಲ್ಪವೆನ್ನಬೇಕು. ಸರಕಾರಕ್ಕೆ ಬೇಡವಾದ ಆ ಗಿಡ್ಡ ಎಳೆಯೇ ದಪ್ಪ ನೂಲಾಗಿ ಜಮಖಾನೆಗೆ ಯೋಗ್ಯವಾದುದು. ಉದ್ದ ಎಳೆಯು ಹಡಗು ಹತ್ತಿ ಹೋಗಿ, ಅಚ್ಚಿನ ಚೀಟಿಬಟ್ಟೆಯಾಗಿ ತಿರುಗಿ ನಮ್ಮ ಪೇಟೆಗೇ ಬಂದಿತು. ಬಳಿಕ ರೈಲು ಬಂದಿತು, ಗಿರಣಿಗಳ ಬಟ್ಟೆ ಬಂದಿತು, ಸೋಲಾಪುರದ ಚಾದರವೂ ಬಂದಿತು. ಚಾದರದ ಮೇಲೆ ನನಗೆ ಸಿಟ್ಟಿಲ್ಲ. ಒಗೆದಷ್ಟೂ ಮೆತ್ತಗಾಗುವ ಆ ದಪ್ಪ ಹೊದಿಕೆಯು ನಮ್ಮವರ ಮನೆಯ ಕೂಸಿನಂತೆಯೇ ಆಗಿಹೋಗಿದೆ.

ಕೌದಿಗಾದರೋ ಪೇಟೆಯ ಹಂಗೇ ಇಲ್ಲ. ಉಟ್ಟು ಹಳತಾದ ಇಳಕಲ್ ಸೀರೆ, ಧೋತರ, ಕುಬಸದ ತುಂಡು, ಮಕ್ಕಳ ಅಂಗಿ, ಇವನ್ನು ಪದರುಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೂರುಗಳನ್ನು ಜೋಡಿಸಿ, ಅಂಚಿನಿಂದ ಹೊಲಿಗೆಯನ್ನು ಹಿಡಿದು ಸುತ್ತಿಸುತ್ತಿ ನಡುವಿಗೆ ತಂದು ಮುಗಿಸುತ್ತಾರೆ. ಹಳಿಯಾಳ ಯಲ್ಲಾಪುರಗಳ ಕಾಡಂಚಿನ ಸಿದ್ದಿ ಹೆಂಗಸರು ತಮ್ಮ ಕೌದಿಯ ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಹೂವನ್ನಿಡುತ್ತಾರೆ. ಆ ಹೂವಿಲ್ಲದಿದ್ದರೆ ಕೌದಿ ಬೋಳೆಂದೇ ಅವರ ಭಾವನೆ. ಬೇಸಗೆಯಲ್ಲಿ ಕೌದಿ ಹೊಲಿಯುವ ಹೆಂಗಸರು ಓಣಿಗೆ ಬಂದು ಕಟ್ಟೆಯ ಮೇಲೆ ಕುಳಿತರೆಂದರೆ, ಮನೆಮನೆಯ ಟ್ರಂಕುಗಳು ತೆರೆದು, ಯಾವ ತುಂಡು ಯಾವುದರ ಪಕ್ಕಕ್ಕೆ ಒಪ್ಪುವುದೆಂಬ ವಾದವು ಹೊತ್ತು ಮುಳುಗುವವರೆಗೂ ನಡೆಯುತ್ತಿದ್ದಿತು. “ಕೆಂಪಿನ ಮಗ್ಗಲಕ ಮತ್ತ ಕೆಂಪ ಯಾಕ ಹಚ್ಚತೀಯವಾ, ನಡುವ ಒಂದ ಕರೀದ ತುಂಡ ಬರ್ಲಿ” ಎಂಬಂಥ ಅಜ್ಜಿಯ ಮಾತಿನಲ್ಲಿ ವರ್ಣಸಾಮ್ಯದ ಶಾಸ್ತ್ರವೆಲ್ಲ ಅಡಗಿದ್ದಿತು. ಮಹಾನವಮಿಗೆ ಮುಂಚೆ ಇವೆಲ್ಲವನ್ನೂ ಬಂಡಿಯಲ್ಲಿ ಹೇರಿಕೊಂಡು ಹಳ್ಳಕ್ಕೆ ಒಯ್ದು ಒಗೆದು, ದಂಡೆಯ ಮೇಲೆ ಹರವಿದಾಗ ಯಾರ ಮನೆಯ ಹೆಂಗಸಿನ ಕಣ್ಣು ಎಷ್ಟು ಚೊಕ್ಕವೆಂಬುದು ಊರಿಗೆಲ್ಲ ಪ್ರಕಟವಾಗುತ್ತಿದ್ದಿತು.

ಈ ಲೋಕವನ್ನು ಕೆಡಿಸಿದುದು ಗಿರಣಿಯೂ ಅಲ್ಲ, ಪರದೇಶದ ಬಟ್ಟೆಯೂ ಅಲ್ಲ, ಮಂಚವು. ಸ್ವಾತಂತ್ರ್ಯಾನಂತರ ಮಾಳಮಡ್ಡಿ, ಸಪ್ತಾಪುರ, ವಿದ್ಯಾನಗರ, ಕೇಶ್ವಾಪುರಗಳಲ್ಲಿ ಸಿಮೆಂಟಿನ ಮನೆಗಳು ಬೆಳೆಬೆಳೆಯುತ್ತ ಮಲಗುವ ಕೋಣೆಗೆ ಪ್ರತ್ಯೇಕವಾದ ಬಾಗಿಲು ಬಂದಿತು. ಆ ಬಾಗಿಲೊಳಗೆ ಅಲುಗಿಸಲಾಗದ ಮಂಚವು ಬಂದಿತು. ಬೆಳಗಾದರೂ ಸುತ್ತಿಡಲಾಗದ ಹಾಸಿಗೆಯು ಹಗಲೆಲ್ಲ ಕಣ್ಣಿಗೆ ಬೀಳತೊಡಗಿತು. ಕಣ್ಣಿಗೆ ಬೀಳುವುದನ್ನು ಮುಚ್ಚಲೇಬೇಕಲ್ಲ! ಮೇಲ್ಹಾಸು ಹೀಗೆ ನಿತ್ಯದ ಅವಶ್ಯಕತೆಯಾಯಿತು. ಆಗ ಅದಕ್ಕೆ ತಕ್ಕ ಬಟ್ಟೆಯು ನಮ್ಮ ಬಾಗಿಲಲ್ಲಿಯೇ ಇದ್ದಿತು. 1957ರ ನವೆಂಬರ್ 1ರಂದು ವೆಂಕಟೇಶ ಮಾಗಡಿಯವರೇ ಮೊದಲಾದ ಗಾಂಧೀವಾದಿಗಳು ಹುಬ್ಬಳ್ಳಿಯಲ್ಲಿ ಸ್ಥಾಪಿಸಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಬೆಂಗೇರಿಯಲ್ಲಿ ನೆಲೆಯೂರಿತು. ಧಾರವಾಡದ ಬಳಿಯ ಗರಗದಲ್ಲಿ ರಾಷ್ಟ್ರಧ್ವಜದ ಬಟ್ಟೆಯನ್ನೇ ನೇಯುತ್ತಿದ್ದರು. ಧ್ವಜಕ್ಕೆ ಎಳೆ ಎಣಿಸಿ ನೇಯಬಲ್ಲ ಕೈಗಳಿಗೆ ಹಾಸಿಗೆಯ ಬಟ್ಟೆ ಯಾವ ಲೆಕ್ಕ? ಆದರೂ ನಮ್ಮ ಮಧ್ಯಮವರ್ಗವು ಜಿಪ್ಪಿನ ಚೀಲದ ಕಡೆಗೇ ಕೈಚಾಚಿತು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ ಯಂತ್ರದಿಂದ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿಯನ್ನು ಕೊಟ್ಟಾಗ ನಾವು ಬಹಳ ಮರುಗಿದೆವು. ಆ ಪಾಲಿಯೆಸ್ಟರನ್ನು ನಮ್ಮ ಹಾಸಿಗೆಯ ಮೇಲೆ ಹಾಸಿ ಅದೆಷ್ಟೋ ಕಾಲವಾಗಿದ್ದಿತೆಂಬುದನ್ನು ಮಾತ್ರ ನೆನೆಯಲಿಲ್ಲ.

ಹಾಗಾದರೆ ಈಗ ಮಾಡತಕ್ಕುದೇನೆಂದರೆ, ಅಂಥ ಕಠಿನವಾದುದೇನೂ ಅಲ್ಲ. ಖಾದಿ ಭಾಂಡಾರದಲ್ಲಿ ಗಾಂಧೀ ಜಯಂತಿಯ ರಿಯಾಯಿತಿಯ ದಿನಗಳನ್ನು ಕಾದು, ಹೂವಿಲ್ಲದ, ಗೆರೆಯಿಲ್ಲದ, ಹಾಲುಬಣ್ಣದ ಬಟ್ಟೆಯನ್ನು ಮಂಚದ ಅಳತೆಗೆ ಕೊಯಿಸಿ ತರಬೇಕು. ನೆಲಕ್ಕೆ ಒಂದು ಜಮಖಾನೆ. ಅದರ ಅಂಚಿನೊಳಗಿನ ಒಂದೇ ಒಂದು ಬಣ್ಣವನ್ನು ಆರಿಸಿ, ಅದನ್ನೇ ದಿಂಬಿನ ಮೇಲೆ ಮತ್ತೊಮ್ಮೆ ತೋರಿಸಬೇಕು. ಎರಡನೆಯ ಬಣ್ಣಕ್ಕೆ ಕೈಹಾಕಿದರೆ ಕೋಣೆಯು ಜಾತ್ರೆಯಾಗುವುದು. ದಿಂಬಿಗೆ ಬಟ್ಟೆಯನ್ನು ಕೊಳ್ಳಬೇಕಾದ ಅಗತ್ಯವೇ ಇಲ್ಲ. ನಮ್ಮಲ್ಲಿ ಪ್ರತಿಯೊಂದು ಮನೆಯ ಟ್ರಂಕಿನಲ್ಲಿಯೂ ಉಡಿ ತುಂಬಿದಾಗ ಬಂದ ಖಣಗಳು ಮಡಿಕೆ ಮುರಿಯದೆ ಕುಳಿತಿರುತ್ತವೆ. ಮುಂದಿನ ಮದುವೆಯಲ್ಲಿ ಮತ್ತೊಬ್ಬರ ಉಡಿಗೆ ಹೋಗಿ, ಅಲ್ಲಿಂದ ಮೂರನೆಯವರ ಉಡಿಗೆ ದಾಟಿ, ಕೆಲವು ಖಣಗಳು ಯಾರ ಮೈಯನ್ನೂ ಮುಟ್ಟದೆ ನಾಲ್ಕಾರು ಊರು ಸುತ್ತಿ ಕೊಟ್ಟವರ ಮನೆಗೇ ತಿರುಗಿ ಬಂದುದುಂಟು. ಅವುಗಳಲ್ಲಿ ಗುಳೇದಗುಡ್ಡದ ಖಣಗಳು ಸಿಕ್ಕರೆ ಎರಡನ್ನು ಕೂಡಿಸಿ ಹೊಲಿದರೆ ದಿಂಬಿನ ಮೋರೆಗೆ ಸಾಕು. ಹರಿದ ಇಳಕಲ್ ಸೀರೆಯ ಸೆರಗು ಮಾತ್ರ ಹರಿದಿರುವುದಿಲ್ಲ. ಅದು ಕಿಟಕಿಗೆ ಪಡದೆಯಾಗುವುದು. ಕಸೂತಿ ಬಲ್ಲವರು ಮನೆಯಲ್ಲಿದ್ದರೆ ಹಾಸಿನ ಒಂದು ಮೂಲೆಗೆ ಗೋಪುರವನ್ನೋ ತೇರನ್ನೋ ತೆಗೆಯಲಿ, ನಾಲ್ಕು ಮೂಲೆಗೂ ಬೇಡ. ಕಾಲ್ದೆಸೆಯಲ್ಲಿ ಕೌದಿಯನ್ನು ಮಡಚಿ ಇಟ್ಟರೆ ಅಲ್ಲಿಗೆ ಮುಗಿಯಿತು. ಹೀಗೆ ಸಿದ್ಧವಾದ ಕೋಣೆಯಲ್ಲಿ ಹಣ ಕೊಟ್ಟು ತಂದುದು ಖಾದಿ ಮತ್ತು ಜಮಖಾನೆ, ಇವೆರಡೇ.

ಆ ಜಮಖಾನೆಯು ಎಲ್ಲಿಯವರೆಗೆ ದೊರೆತೀತೆಂಬುದೇ ಚಿಂತೆ. ನವಲಗುಂದದ ಜಮಖಾನೆಗೆ 2011ರಲ್ಲಿ ಭೌಗೋಲಿಕ ಗುರುತಿನ ಮಾನ್ಯತೆ ದೊರೆಯಿತು. ಬೇರೆ ಊರಿನವರು ಆ ಹೆಸರನ್ನು ಕದಿಯದಂತೆ ಕಾನೂನು ಕಾವಲು ನಿಂತಿತು. ನೇಯುವ ಕೈಗಳು ಕಡಿಮೆಯಾಗುವುದನ್ನು ತಡೆಯುವುದು ಕಾನೂನಿನಿಂದ ಆಗತಕ್ಕ ಕೆಲಸವಲ್ಲ. ದಿನವೆಲ್ಲ ಕುಳಿತರೂ ಕೆಲವೇ ಅಂಗುಲ ಏರುವ ನೇಯ್ಗೆಗೆ ಕೂಲಿಯು ಹೊಟ್ಟೆ ತುಂಬುವಷ್ಟಿಲ್ಲವಾಗಿ, ಸೊಸೆಯಂದಿರು ಬೇರೆ ಕೆಲಸಗಳನ್ನು ಹಿಡಿದರು. ಊರ ಅಗಸೆಯೊಳಗೇ ವಿದ್ಯೆಯನ್ನು ಕೂಡಿಹಾಕಿದ ಆ ಹಳೆಯ ಕಟ್ಟಳೆಯು, ಹೊರಗೆ ಒಂದು ಬೀಜವೂ ಬೀಳದಂತೆ ಮಾಡಿ, ಇಂದಿನ ಕ್ಷಯಕ್ಕೂ ತಾನೇ ಪಾಲುಗಾರನಾಯಿತೆಂದು ನಾನು ಹೇಳಿದರೆ ಆ ಹಿರಿಯರು ಕೋಪಿಸಿಕೊಳ್ಳಬಾರದು. ಹೆಣ್ಣುಮಕ್ಕಳಿಗೆ ಕಲಿಸಿದ್ದರೆ ಅಣ್ಣಿಗೇರಿಯಲ್ಲಿಯೂ ನರಗುಂದದಲ್ಲಿಯೂ ಇಂದು ನಾಲ್ಕು ಮಗ್ಗಗಳಿರುತ್ತಿದ್ದುವು.

ಹುಬ್ಬಳ್ಳಿಯಿಂದ ನವಲಗುಂದಕ್ಕೆ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಮನೆಯಲ್ಲಿ ಮದುವೆಯನ್ನು ನಿಶ್ಚಯಿಸಿದವರು ಜಿಪ್ಪಿನ ಚೀಲವನ್ನು ಕೊಳ್ಳುವುದಕ್ಕೆ ಮುಂಚೆ ಒಮ್ಮೆ ಅಲ್ಲಿಗೆ ಹೋಗಿಬರಲಿ. ಕೋಣೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಬೇಕಾದ ಬಣ್ಣವನ್ನು ಬಾಯಲ್ಲಿ ಹೇಳದೆ ನೂಲಿನಲ್ಲಿಯೇ ತೋರಿಸಬೇಕು. ಕೈನೇಯ್ಗೆಯಾದುದರಿಂದ ಲಗ್ನಕ್ಕೆ ಎರಡು ಮೂರು ತಿಂಗಳು ಮೊದಲೇ ಮುಂಗಡವನ್ನು ಕೊಟ್ಟು ಬರಬೇಕು. ಬೆಲೆಯಲ್ಲಿ ಚೌಕಾಶಿ ಮಾಡದಿರಿ.