ದೇವರ ಚಿತ್ತಕ್ಕೆ ಒಪ್ಪಿಸಿಕೊಡುವುದೆಂದರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ 'ದೇವರು ಇಟ್ಟಂಗೆ ಆಗ್ಲಿ' ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಮಳೆ ಕೈಕೊಟ್ಟಾಗ, ಕೊಬ್ಬರಿ ಧಾರಣೆ ಕುಸಿದಾಗ, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ನಾಲಗೆಗೆ ಬರುವುದು ಈ ಮಾತೇ. ಆಡುವವರ ಮನಸ್ಸಿಗೆ ತಕ್ಕಂತೆ ಇದಕ್ಕೆ ಎರಡು ಅರ್ಥಗಳುಂಟು. ಇನ್ನು ಮಾಡುವುದೇನೂ ಇಲ್ಲವೆಂದು ಕೈಚೆಲ್ಲುವುದು ಒಂದು. ಮಾಡಬೇಕಾದ್ದನ್ನೆಲ್ಲ ಮಾಡಿ ಫಲವನ್ನು ಅವನಿಗೆ ಬಿಡುವುದು ಇನ್ನೊಂದು. ದೇವರ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಡಬೇಕೆಂದು ಕ್ರೈಸ್ತ ಧರ್ಮ ಹೇಳುವಾಗ ಅದರ ಮನಸ್ಸಿನಲ್ಲಿರುವುದು ಯಾವ ಅರ್ಥ? ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ಹೊಂದಿಕೊಂಡಿರುವ ಗುಬ್ಬಿಯ ಚರಿತ್ರೆಯಲ್ಲೇ ಒಂದು ಉದಾಹರಣೆ ಸಿಗುತ್ತದೆ.

ಶರಣಾಗತಿಯ ಕಲ್ಪನೆ ಕನ್ನಡಿಗರಿಗೆ ಹೊಸದೇನಲ್ಲ. ವೀರಶೈವರ ಷಟ್‌ಸ್ಥಲಗಳಲ್ಲಿ ಐದನೆಯದು ಶರಣಸ್ಥಲ. ಶ್ರೀವೈಷ್ಣವರಲ್ಲಿ 'ಪ್ರಪತ್ತಿ'ಯೇ ಮೋಕ್ಷದ ದಾರಿ. ಆ ಪ್ರಪತ್ತಿಯ ಬಗೆಗೆ ಅವರಲ್ಲಿ ಎರಡು ನ್ಯಾಯಗಳಿವೆ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಗಟ್ಟಿಯಾಗಿ ಅಪ್ಪಿಕೊಂಡಿರುತ್ತದೆ. ಇದು ಮರ್ಕಟ ನ್ಯಾಯ. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಇದು ಮಾರ್ಜಾಲ ನ್ಯಾಯ. ದೇವರ ಕೃಪೆ ಎಷ್ಟು, ಮನುಷ್ಯನ ಪ್ರಯತ್ನ ಎಷ್ಟು ಎಂಬ ಇದೇ ಚರ್ಚೆ ಕ್ರೈಸ್ತರಲ್ಲೂ ಶತಮಾನಗಳ ಕಾಲ ನಡೆದು ಬಂದಿದೆ. ಕನ್ನಡ ಕ್ರೈಸ್ತರು ಇಲ್ಲಿ ಬಳಸುವ 'ಚಿತ್ತ' ಎಂಬ ಪದವೂ ಗಮನಾರ್ಹವಾದುದು. 'ತಮ್ಮ ಚಿತ್ತ' ಎಂದು ಹಿರಿಯರ ಮುಂದೆ ವಿನಯದಿಂದ ಹೇಳುವ ಹಳೆಯ ನುಡಿಯಲ್ಲಿ, ಎದುರಿನವರ ಇಚ್ಛೆಗೆ ತಾನಾಗಿ ಮನಸೋಲುವ ಭಾವವಿದೆ. ಅದು ಬಲವಂತಕ್ಕೆ ಬಗ್ಗುವುದಲ್ಲ.

ಕ್ರೈಸ್ತರಿಗೆ ಈ ಒಪ್ಪಿಸಿಕೊಡುವಿಕೆಯ ಮೂಲ ಮಾದರಿ ಯೇಸುವೇ. ಬಂಧನಕ್ಕೊಳಗಾಗುವ ಹಿಂದಿನ ಕೆಲವು ಗಳಿಗೆಗಳನ್ನು ಯೇಸು ಕಳೆದದ್ದು ಜೆರುಸಲೇಮಿನ ಹೊರಗಿದ್ದ ಗೆತ್ಸೇಮನೆ ತೋಟದಲ್ಲಿ. ಆ ಹೆಸರಿನ ಅರ್ಥ 'ಎಣ್ಣೆಯ ಗಾಣ'. ಅಲ್ಲಿ ಹಿಂಡುತ್ತಿದ್ದುದು ಕೊಬ್ಬರಿಯನ್ನಲ್ಲ, ಆಲಿವ್ ಕಾಯಿಗಳನ್ನು. ಮುಂದೆ ಬರಲಿರುವ ಯಾತನೆ ತನ್ನಿಂದ ದೂರವಾಗಲಿ ಎಂದು ಆತ ಮೊದಲು ಬೇಡಿದ. ಆಮೇಲೆ, ತಂದೆಯ ಚಿತ್ತವೇ ನಡೆಯಲಿ ಎಂದ. ಮತ್ತಾಯನ ಸುವಾರ್ತೆಯ ಪ್ರಕಾರ ಹೀಗೆ ಪ್ರಾರ್ಥಿಸಿದ್ದು ಒಮ್ಮೆಯಲ್ಲ, ಮೂರು ಸಲ. ಎಂದರೆ ಬೇಡುವುದು, ಅಳುವುದು, ಭಯಪಡುವುದು ಯಾವುದೂ ಶರಣಾಗತಿಗೆ ವಿರುದ್ಧವಲ್ಲ. ತನಗೆ ಬೇಕಾದುದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ ಮೇಲೆಯೇ ಒಪ್ಪಿಸಿಕೊಡುವ ಮಾತಿಗೆ ಬೆಲೆ.

ಈ ಮಾದರಿಯನ್ನು ಎಲ್ಲರೂ ಒಂದೇ ರೀತಿಯಲ್ಲಿ ಅರ್ಥೈಸಲಿಲ್ಲ. 17ನೆಯ ಶತಮಾನದ ಯುರೋಪಿನಲ್ಲಿ, ಆತ್ಮವು ಯಾವ ಪ್ರಯತ್ನವನ್ನೂ ಮಾಡದೆ ದೇವರಲ್ಲಿ ನಿಶ್ಚಲವಾಗಿರಬೇಕೆಂದು ಬೋಧಿಸುವ ಪಂಥವೊಂದು ಹುಟ್ಟಿತು. ಸ್ಪೇನಿನ ಮೋಲಿನೋಸ್ ಅದರ ಪ್ರಮುಖ ಗುರು. 1687ರಲ್ಲಿ ರೋಮಿನ ಪೋಪರು ಆ ಬೋಧನೆಯನ್ನು ತಳ್ಳಿಹಾಕಿದರು. ಇತ್ತ ಇಂಗ್ಲೆಂಡಿನಲ್ಲಿ ಮೆಥೊಡಿಸ್ಟ್ ಪಂಥದ ಪ್ರವರ್ತಕರಾದ ಜಾನ್ ವೆಸ್ಲಿ 1755ರಲ್ಲಿ 'ಒಡಂಬಡಿಕೆಯ ಆರಾಧನೆ'ಯೊಂದನ್ನು ಆರಂಭಿಸಿದರು. ಕಾಲಕ್ರಮದಲ್ಲಿ ಅದು ಹೊಸ ವರ್ಷದ ಆರಂಭದಲ್ಲಿ ನಡೆಸುವ ವಾಡಿಕೆಯಾಯಿತು. ಸಭೆಯವರೆಲ್ಲ ಕೂಡಿ ತಮ್ಮ ಬದುಕನ್ನು ದೇವರಿಗೆ ಮತ್ತೆ ಒಪ್ಪಿಸುವ ಪ್ರತಿಜ್ಞೆ ಅದು. ಅದರ ತಿರುಳು ಇಷ್ಟು: ಕೆಲಸಕ್ಕೆ ಹಚ್ಚಿದರೆ ದುಡಿಯಲು ಸಿದ್ಧ, ಕೆಲಸದಿಂದ ಬಿಡಿಸಿ ಮೂಲೆಯಲ್ಲಿ ಕೂರಿಸಿದರೆ ಅದಕ್ಕೂ ಸಿದ್ಧ. ದುಡಿಯಲು ಸಿದ್ಧರಾಗುವವರು ಬಹಳ ಮಂದಿ. ಕಷ್ಟವಿರುವುದು ಎರಡನೆಯ ಮಾತಿನಲ್ಲಿ.

ಆ ಎರಡನೆಯ ಮಾತಿನ ಭಾರವೇನೆಂಬುದನ್ನು ವೆಸ್ಲಿಯ ಪಂಥದವರೇ ಗುಬ್ಬಿಯಲ್ಲಿ ಕಂಡುಕೊಳ್ಳಬೇಕಾಯಿತು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರ ಹೊತ್ತಿಗೆ ಗುಬ್ಬಿಯಲ್ಲಿ ಕೆಲಸ ಆರಂಭಿಸಿದ್ದರು. ಮುಂದೆ 1859ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದವರೂ ಇವರೇ. ಸುತ್ತಲ ಊರುಗಳ ವರ್ತಕರು, ರೈತರು ಸೇರುತ್ತಿದ್ದ ಸಂತೆಗೆ ಗುಬ್ಬಿ ಹೆಸರಾಗಿದ್ದ ಕಾಲ ಅದು. ಅಲ್ಲಿಗೆ 1839ರಲ್ಲಿ ವಿಲಿಯಂ ಆರ್ಥರ್ ಎಂಬ ಐರಿಷ್ ತರುಣ ಬಂದರು. ಆಗ ಅವರ ವಯಸ್ಸು 20. ಕನ್ನಡ ಕಲಿತರು, ಜನರ ನಡುವೆ ಬೋಧನೆಗೆ ತೊಡಗಿದರು. ಬದುಕೆಲ್ಲ ಇಲ್ಲೇ ಎಂದುಕೊಂಡು ಬಂದ ತರುಣನ ಕಣ್ಣುಗಳು ಎರಡು ವರ್ಷ ತುಂಬುವುದರೊಳಗೆ ಕೆಟ್ಟವು. 1841ರಲ್ಲಿ ಅವರು ಊರಿಗೆ ಮರಳಬೇಕಾಯಿತು. ಅಷ್ಟರಲ್ಲಿ ಇಲ್ಲಿ ಕ್ರೈಸ್ತರಾದವರು ಬೆರಳೆಣಿಕೆಯಷ್ಟು ಮಂದಿ. ಲೋಕದ ಲೆಕ್ಕದಲ್ಲಿ ಇದು ಸೋಲೇ.

ಬೋಧಿಸಲು ಕರೆದವನೇ ಬೋಧಕನ ಕಣ್ಣನ್ನು ಏಕೆ ಕಿತ್ತುಕೊಂಡ? ನಂಬುವವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಇದಕ್ಕೆ ಒಡಂಬಡಿಕೆಯ ಆರಾಧನೆ ಕೊಡುವುದು ವಿವರಣೆಯನ್ನಲ್ಲ, ಒಂದು ನಿಲುವನ್ನು. ಕೆಲಸ ತನ್ನದಲ್ಲವಾದ್ದರಿಂದ ಅದನ್ನು ಕೆಳಗಿಡುವುದೂ ಸೇವೆಯೇ ಎಂಬುದು ಆ ನಿಲುವು. ಆರ್ಥರ್ ಊರಿಗೆ ಮರಳಿ ಸುಮ್ಮನೆ ಕೂರಲಿಲ್ಲ. ಗುಬ್ಬಿಯ ಅನುಭವಗಳನ್ನು ಒಳಗೊಂಡ 'ಎ ಮಿಷನ್ ಟು ದ ಮೈಸೂರ್' ಎಂಬ ಪುಸ್ತಕವನ್ನು 1847ರಲ್ಲಿ ಹೊರತಂದರು. ಅವರ 'ದ ಟಂಗ್ ಆಫ್ ಫೈರ್' (1856) ಇಂಗ್ಲಿಷ್ ಬಲ್ಲ ಕ್ರೈಸ್ತರಲ್ಲಿ ಬಹಳ ಜನಪ್ರಿಯವಾಯಿತು. 1866ರಲ್ಲಿ ವೆಸ್ಲಿಯನ್ ಪಂಥದ ಮಹಾಸಭೆಗೆ ಅಧ್ಯಕ್ಷರಾದರು. ಬಳಿಕ ಬೆಲ್‌ಫಾಸ್ಟಿನ ಮೆಥೊಡಿಸ್ಟ್ ಕಾಲೇಜಿನ ಮೊದಲ ಪ್ರಾಂಶುಪಾಲರಾದರು. 1901ರಲ್ಲಿ ತೀರಿಕೊಂಡರು. ಆದರೆ ಹೆಸರು ಬಂದ ಮಾತ್ರಕ್ಕೆ ಹಳೆಯ ಸೋಲು ಸರಿಯಾಯಿತೆಂದು ಲೆಕ್ಕ ಹಾಕುವುದು ತರವಲ್ಲ. ಮುಂದೆ ಯಾವ ಕೀರ್ತಿಯೂ ಬರದ ಎಷ್ಟೋ ರೋಗಿಗಳು, ಮುದುಕರು ಅದೇ ಪ್ರತಿಜ್ಞೆಯನ್ನು ಮಾಡುತ್ತಾರೆ. ಅವರ ಒಪ್ಪಿಗೆಯ ಬೆಲೆ ಇದಕ್ಕಿಂತ ಕಡಿಮೆಯದಲ್ಲ.

ಈ ವಿಚಾರದಲ್ಲಿ ಎರಡು ಅಪಾಯಗಳೂ ಇವೆ. ಮೊದಲನೆಯದು, ತನ್ನ ಇಷ್ಟವನ್ನೇ ದೇವರ ಚಿತ್ತವೆಂದು ತಿಳಿಯುವುದು. 19ನೆಯ ಶತಮಾನದ ಅನೇಕ ಮಿಷನರಿಗಳು ಬ್ರಿಟಿಷರ ಆಳ್ವಿಕೆಯನ್ನೂ ದೇವರ ಯೋಜನೆಯ ಭಾಗವೆಂದೇ ಬಗೆದಿದ್ದರು. ಇಲ್ಲಿನ ಮತಾಚಾರಗಳ ಬಗ್ಗೆ ಅವರ ತೀರ್ಪು ಕಟುವಾಗಿತ್ತು. ಎರಡನೆಯದು ಇನ್ನೂ ದೊಡ್ಡದು. ಇನ್ನೊಬ್ಬರ ಕಷ್ಟವನ್ನು ತೋರಿಸಿ 'ಅದು ದೇವರ ಚಿತ್ತ, ಸಹಿಸಿಕೊ' ಎಂದು ಉಪದೇಶ ಮಾಡುವುದು. ಹೊಡೆಯುವ ಗಂಡನ ಮನೆಯಲ್ಲಿರುವ ಹೆಣ್ಣಿಗೆ, ಸಾಲದಲ್ಲಿ ಮುಳುಗಿದ ರೈತನಿಗೆ ಹೀಗೆ ಹೇಳಿದರೆ ಅದು ಧರ್ಮವಲ್ಲ, ಜಾರಿಕೊಳ್ಳುವ ಉಪಾಯ. ಒಪ್ಪಿಸಿಕೊಡುವುದು ಅವರವರ ಕೈಯಿಂದಲೇ ಆಗಬೇಕು. ಒಬ್ಬರನ್ನು ಇನ್ನೊಬ್ಬರು ಒಪ್ಪಿಸಲಾಗದು.

ಇದಕ್ಕೆ 1876-78ರ ಮಹಾಕ್ಷಾಮವೇ ಸಾಕ್ಷಿ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಬಾರದಿದ್ದುದನ್ನು ದೇವರ ಚಿತ್ತವೆಂದು ಹೇಳಿ ಕೈಕಟ್ಟಿ ಕೂರುವುದು ಆಗ ಯಾರಿಗೂ ಕಷ್ಟವಾಗುತ್ತಿರಲಿಲ್ಲ. ಆದರೆ ದೇವರ ಚಿತ್ತಕ್ಕೆ ಒಪ್ಪಿಸಿಕೊಂಡವರೆಂದು ಹೇಳಿಕೊಳ್ಳುತ್ತಿದ್ದ ವೆಸ್ಲಿಯನ್ನರು ತಬ್ಬಲಿ ಮಕ್ಕಳಿಗೆ ತುಮಕೂರು, ಹಾಸನಗಳಲ್ಲಿ ಆಶ್ರಯ ಕೊಟ್ಟರು. ಕ್ಷಾಮ ಬಂದದ್ದೇಕೆಂಬ ಪ್ರಶ್ನೆಗಿಂತ, ಕ್ಷಾಮದಲ್ಲಿ ತಾವು ಮಾಡಬೇಕಾದುದೇನೆಂಬ ಪ್ರಶ್ನೆಯಲ್ಲಿ ದೇವರ ಚಿತ್ತವನ್ನು ಹುಡುಕಿದ ನಡೆ ಅದು. ವೆಸ್ಲಿಯನ್ನರು ಸ್ಥಾಪಿಸಿದ ಸಭೆಗಳು ಮುಂದೆ 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದವು.

ತೆಂಗು ಬೆಳೆಯುವವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಟಿ ತೆಂಗಿನ ಸಸಿ ನೆಟ್ಟವನು ಮೊದಲ ಫಸಲಿಗೆ ಆರೇಳು ವರ್ಷ ಕಾಯಬೇಕು. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ. ಆಮೇಲೆ ಉಂಡೆ ಕೊಬ್ಬರಿಯಾಗಲು ಅಟ್ಟದ ಮೇಲೆ ಮತ್ತೆ 8ರಿಂದ 12 ತಿಂಗಳು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಅಲುಗುವವರೆಗೆ ಅವಸರ ಮಾಡಿದರೆ ಸರಕು ಕೆಡುತ್ತದೆ. ಹಾಗೆಂದು ಈ ಕಾಲದಲ್ಲೆಲ್ಲ ರೈತ ಸುಮ್ಮನಿರುವುದಿಲ್ಲ. ಪಾತಿ ಮಾಡುತ್ತಾನೆ, ಗೊಬ್ಬರ ಕೊಡುತ್ತಾನೆ, ನೀರು ಹಾಯಿಸುತ್ತಾನೆ. ನುಸಿ ಹತ್ತಿದರೆ ಔಷಧಿ ಹುಡುಕುತ್ತಾನೆ. ಹರಳು ಕಟ್ಟುವುದು, ಕಾಯಿ ಬಲಿಯುವುದು, ನೀರು ಇಂಗುವುದು ಮಾತ್ರ ಅವನ ಕೈಯಲ್ಲಿಲ್ಲ. ತನ್ನ ಕೈ ಎಲ್ಲಿಗೆ ಮುಗಿಯುತ್ತದೆಂದು ಬಲ್ಲವನು ಅಲ್ಲಿಯವರೆಗಿನ ಕೆಲಸವನ್ನು ಬಿಡದೆ ಮಾಡುತ್ತಾನೆ, ಅಲ್ಲಿಂದಾಚೆಯದನ್ನು ನೆನೆದು ಎದೆ ಒಡೆದುಕೊಳ್ಳುವುದಿಲ್ಲ. ಕ್ರೈಸ್ತರು ದೇವರ ಚಿತ್ತಕ್ಕೆ ಒಪ್ಪಿಸಿಕೊಡುವುದು ಎನ್ನುವಾಗ, ಅವರ ಶ್ರೇಷ್ಠ ಗುರುಗಳ ಮನಸ್ಸಿನಲ್ಲಿ ಇರುವುದು ಇದೇ ಅರ್ಥ.